ಬಂದ ದಾರಿಗೆ ಸುಂಕವಿಲ್ಲ

ಗೋದಾಮಿನ ಒಂದು ಗೋಡೆಯಲ್ಲಿ ಸೆನ್ಸರ್, 50 ಮೀಟರ್ ಆಚೆಯ ಗೋಡೆಯಲ್ಲಿ ಅಂಗೈಯಗಲದ ರಿಫ್ಲೆಕ್ಟರ್. ಸೆನ್ಸರ್ ಬಿಟ್ಟ ಲೇಸರ್ ಕಿರಣ ಅಲ್ಲಿಗೆ ಹೋಗಿ ವಾಪಸು ಬರುತ್ತಲೇ ಇರುತ್ತದೆ; ನಡುವೆ ಫೋರ್ಕ್‌ಲಿಫ್ಟ್ ಬಂದರೆ ಕಿರಣ ತಪ್ಪುತ್ತದೆ, ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ. ಕೆಲಸ ಇಷ್ಟೇ. ಜಾಣ್ಮೆಯೆಲ್ಲ ಇರುವುದು ಕಿರಣವನ್ನು ವಾಪಸು ಕರೆಸಿಕೊಳ್ಳುವುದರಲ್ಲಿ.

ಆಚೆ ಗೋಡೆಗೆ ಮಾಮೂಲಿ ಕನ್ನಡಿ ತೂಗುಹಾಕಿದರೆ ಸಾಲದೆ? ಸಾಲದು. ಕನ್ನಡಿ 1 ಡಿಗ್ರಿ ವಾಲಿದರೆ ಮರಳುವ ಕಿರಣ 2 ಡಿಗ್ರಿ ವಾಲುತ್ತದೆ. 50 ಮೀಟರ್ ದಾಟುವಷ್ಟರಲ್ಲಿ ಸೆನ್ಸರಿನಿಂದ ಸುಮಾರು 1.75 ಮೀಟರ್ ಆಚೆ ಬಿದ್ದಿರುತ್ತದೆ. ರಿಫ್ಲೆಕ್ಟರಿನ ಮೈತುಂಬ ಇರುವುದು ಪುಟ್ಟ ಪುಟ್ಟ ಮೂಲೆಗಳು. ಕೋಣೆಯಲ್ಲಿ ಎರಡು ಗೋಡೆಗಳೂ ನೆಲವೂ ಕೂಡುವ ಹಾಗೆ, ಒಂದಕ್ಕೊಂದು ಲಂಬವಾದ ಮೂರು ಮುಖಗಳು. ಮೂರಕ್ಕೂ ತಾಗಿದ ಕಿರಣ ಬಂದ ದಿಕ್ಕಿಗೇ ತಿರುಗಿ ಹೊರಡುತ್ತದೆ. ಫಲಕ ತುಸು ಸೊಟ್ಟಗಿದ್ದರೂ ಚಿಂತೆಯಿಲ್ಲ. ಅಲುಗಬಾರದ್ದು ಸೆನ್ಸರ್. ಅದಕ್ಕೇ ಅನುಭವಿ ಕೆಲಸಗಾರ ಅದಕ್ಕೆ ಗಟ್ಟಿ ಕಂಬವನ್ನೇ ಹುಡುಕುತ್ತಾನೆ. ಬಿಳಿ ಕಾಗದ ಹಿಡಿದು ಕೆಂಪು ಚುಕ್ಕೆಯ ಹಿಂದೆಯೇ ನಡೆದು ಅದನ್ನು ಫಲಕದ ಮೇಲೆ ಕೂರಿಸುತ್ತಾನೆ.

ಎಲ್‌ಇಡಿ ಬೆಳಕು ದೂರ ಹೋದಂತೆ ಹರಡಿ ಸೊರಗುತ್ತದೆ. ಲೇಸರ್ ಹರಡುವುದು ಬಹಳ ಕಡಿಮೆ, ಆದರೆ ಚುಕ್ಕೆ ಅಷ್ಟು ಸಣ್ಣದಾಗಿರುವುದೇ ಒಂದು ಫಜೀತಿ. ಮೂಲೆಗಳು ದೊಡ್ಡದಾಗಿದ್ದರೆ ಚುಕ್ಕೆ ಎರಡು ಮೂಲೆಗಳ ಸಂದಿಯಲ್ಲೇ ಬಿದ್ದೀತು. ಹಾಗಾಗಿ ಲೇಸರಿಗೆ ಅತಿ ಸಣ್ಣ ಮೂಲೆಗಳ ರಿಫ್ಲೆಕ್ಟರನ್ನೇ ಕೇಳಿ ತರಬೇಕು.

ನನಗೆ ತುಂಬ ಹಿಡಿಸಿದ್ದು ಮುಂದಿನ ಉಪಾಯ. ಹೊಳೆಯುವ ಸ್ಟೀಲ್ ಡ್ರಮ್ ಅಡ್ಡ ಬಂದರೆ ಅದೂ ಬೆಳಕನ್ನು ಹಿಂದಕ್ಕೆ ಎಸೆಯಬಲ್ಲದು, ಸೆನ್ಸರ್ ಮೋಸಹೋಗಬೇಡವೆ? ಹೋಗುವುದಿಲ್ಲ. ಹೊರಡುವ ಕಿರಣದ ಕಂಪನ ಒಂದೇ ದಿಕ್ಕಿನಲ್ಲಿರುವಂತೆ ಮೊದಲೇ ಸೋಸಿರುತ್ತಾರೆ. ರಿಫ್ಲೆಕ್ಟರಿನ ಮೂಲೆಗಳು ಆ ದಿಕ್ಕನ್ನು ತಿರುಚುತ್ತವೆ, ನುಣುಪು ಸ್ಟೀಲ್ ತಿರುಚುವುದಿಲ್ಲ. ಬೆಳಕನ್ನು ಹಿಡಿಯುವ ಕಣ್ಣಿನ ಮುಂದೆ ಅಡ್ಡಲಾಗಿ ಕೂರಿಸಿದ ಸೋಸುಗಾಜು ತಿರುಚಿ ಬಂದದ್ದನ್ನು ಮಾತ್ರ ಒಳಗೆ ಬಿಡುತ್ತದೆ. ಧೂಳಿಗೆ ಮಾತ್ರ ಇಂಥ ಮದ್ದಿಲ್ಲ. ಬೆಳಕು ಅದನ್ನು ಹೋಗುವಾಗಲೂ ಬರುವಾಗಲೂ ದಾಟಬೇಕು. ಒರೆಸುವ ಬಟ್ಟೆಯೇ ಗತಿ.

ಇಂಥದೇ 100 ಮೂಲೆಗಳಿದ್ದ ಫಲಕವನ್ನು ಅಪೊಲೊ 11ರ ಯಾತ್ರಿಗಳು 1969ರಲ್ಲಿ ಚಂದ್ರನ ಮೇಲೆ ಇಟ್ಟು ಬಂದರು. ನಮ್ಮ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಮೇಲೂ ನಾಸಾದ 8 ಮೂಲೆಗಳ, 5 ಸೆಂಟಿಮೀಟರ್ ಅಗಲದ ಗುಮ್ಮಟವೊಂದಿದೆ. 2023ರ ಡಿಸೆಂಬರ್ 12ರಂದು ನಾಸಾದ ಚಂದ್ರ ಪರಿಭ್ರಮಣ ನೌಕೆ 100 ಕಿಲೋಮೀಟರ್ ದೂರದಿಂದ ಲೇಸರ್ ಬಿಟ್ಟಾಗ ಬೆಳಕು ತಪ್ಪದೆ ಮರಳಿತು. ಅಷ್ಟರಲ್ಲಿ ವಿಕ್ರಮ್ ನಿದ್ದೆಗೆ ಜಾರಿ ಮೂರು ತಿಂಗಳು ಕಳೆದಿತ್ತು. ಗುಮ್ಮಟಕ್ಕೆ ಕರೆಂಟೇ ಬೇಕಿಲ್ಲ.