ಕತ್ತಲಲ್ಲಿ ಹಾರಲು ಹುಟ್ಟಿದ ದೈತ್ಯ

ಹಾರ್ತಿರೋ ವಿಮಾನದಲ್ಲಿ ಎಂಜಿನ್ ಕೆಟ್ಟರೆ,
ಅಲ್ಲೇ, ಗಾಳಿಯಲ್ಲೇ ರಿಪೇರಿ ಮಾಡೋಕಾಗುತ್ತಾ?

ಸುಮಾರು 110 ವರ್ಷಗಳ ಹಿಂದೆ ಜರ್ಮನಿ ಅದಕ್ಕೂ ತಯಾರಾಗಿತ್ತು!

1914. ಮೊದಲ ಮಹಾಯುದ್ಧ.
ಜೆಪ್ಪೆಲಿನ್ ಅಂದ್ರೆ ನೆನಪಾಗೋದು ಏನು?
ಆಕಾಶದಲ್ಲಿ ತೇಲೋ ವಾಯುನೌಕೆ, ಅಲ್ವಾ?
ಅದರೊಳಗೆ ತುಂಬಿದ್ದು ಹೈಡ್ರೋಜನ್.
ಕಿಡಿ ತಗುಲಿದ್ರೆ ಮುಗೀತು.

ಹಾಗಾಗಿ ಆ ವಾಯುನೌಕೆ ಕಟ್ಟಿದ ಕೌಂಟ್ ಜೆಪ್ಪೆಲಿನ್ ಅವರೇ,
ಎಪ್ಪತ್ತು ದಾಟಿದ ಮುದುಕ,
ದೈತ್ಯ ವಿಮಾನ ಕಟ್ಟೋಕೆ ಹೊರಟರು.
ಈ ವಯಸ್ಸಲ್ಲಿ ಹೊಸದಾಗಿ ಶುರು ಮಾಡೋದು ಸಣ್ಣ ಮಾತಲ್ಲ.

1915ರ ಏಪ್ರಿಲ್.
ಜರ್ಮನಿಯ ಗೋಥಾ ಊರಲ್ಲಿ ಮೊದಲ ಮಾದರಿ ಮೇಲೆದ್ದಿತು.
ಹೆಸರು ವಿಜಿಓ ಒಂದು.

ರೆಕ್ಕೆಯ ಅಗಲ 42 ಮೀಟರ್!
ಎರಡು ಕ್ರಿಕೆಟ್ ಪಿಚ್‌ಗಳನ್ನ ಒಂದರ ಹಿಂದೆ ಒಂದು ಇಟ್ಟರೂ
ಇದರ ರೆಕ್ಕೆಯೇ ಉದ್ದ.
ಅದೂ ಮರ, ಬಟ್ಟೆಯಲ್ಲಿ ಕಟ್ಟಿದ್ದು.

ಮೂರು ಎಂಜಿನ್.
ಒಂದು ಮೂತಿಯಲ್ಲಿ, ಇನ್ನೆರಡು ಮೇಲಿನ-ಕೆಳಗಿನ ರೆಕ್ಕೆಗಳ ನಡುವಿನ ಗೂಡುಗಳಲ್ಲಿ.
ಹಾರ್ತಿರುವಾಗಲೇ ಎಂಜಿನ್ ನೋಡಿಕೊಳ್ಳೋಕೆ ಆ ಗೂಡಲ್ಲೇ ಮೆಕ್ಯಾನಿಕ್ ಕೂತಿರ್ತಿದ್ದ.
ಕಿವಿ ಪಕ್ಕದಲ್ಲೇ ಎಂಜಿನ್ ಅಬ್ಬರ,
ಮುಖಕ್ಕೆ ರಾಚೋ ಚಳಿಗಾಳಿ.
ಗಂಟೆಗಟ್ಟಲೆ!

ಆದ್ರೆ ಇಂಥ ಬಾಂಬರ್ ವಿಮಾನ ರಾತ್ರಿನೇ ಹಾರೋದು ಯಾಕೆ?
ಇದರ ವೇಗ ಗಂಟೆಗೆ ಸುಮಾರು 110 ಕಿಲೋಮೀಟರ್ ಅಷ್ಟೇ.
ಹಗಲಲ್ಲಿ ಇಷ್ಟು ದೊಡ್ಡದು ಹೋದ್ರೆ
ಗುರಿಯಿಡೋದು ಎಷ್ಟು ಸುಲಭ, ಯೋಚಿಸಿ.
ಕತ್ತಲೆಯೇ ಇದಕ್ಕೆ ಕವಚ.

1917ರ ಮಾರ್ಚ್ 8. ಜೆಪ್ಪೆಲಿನ್ ತೀರಿಕೊಂಡರು.
ಎರಡೇ ದಿನ.
ಆ ಮೊದಲ ವಿಮಾನವೂ ಬಿದ್ದು ಚೂರಾಯಿತು.
ಅದನ್ನ ಕಟ್ಟಿಸಿದ ಎಂಜಿನಿಯರ್ ಗುಸ್ಟಾವ್ ಕ್ಲೈನ್
ಅದರಲ್ಲೇ ಪ್ರಾಣ ಬಿಟ್ಟರು.

ಆದ್ರೆ ಇದರ ಮುಂದಿನ ಪೀಳಿಗೆ ಲಂಡನ್ ತಲುಪಿತು.
1918ರ ಫೆಬ್ರವರಿ 16ರ ರಾತ್ರಿ,
ಚೆಲ್ಸಿಯಲ್ಲಿ ಹಳೇ ಸೈನಿಕರ ಆಶ್ರಯಧಾಮದ ಮೇಲೆ
1000 ಕಿಲೋ ತೂಕದ ಒಂದೇ ಬಾಂಬ್.
ಒಂದೇ ಮನೆಯ ಐವರು ಸತ್ತರು.