ಮೂತ್ರಪಿಂಡದ ರಾತ್ರಿಪಾಳಿ

ಹಿತ್ತಲ ತಂತಿಯ ಮೇಲೆ ದಿನ ಬೆಳಗಾದರೆ ಕೌದಿ ಒಣಗುತ್ತಿದೆ ಎಂದರೆ ನೆರೆಹೊರೆಗೆ ವಿಷಯ ತಿಳಿದುಬಿಡುತ್ತಿತ್ತು. ಆ ಮನೆಯಲ್ಲಿ ಹಾಸಿಗೆ ಒದ್ದೆ ಮಾಡುವ ಹುಡುಗನೋ ಹುಡುಗಿಯೋ ಇದ್ದಾರೆ. ‘ನಿನ್ನೆ ಬೆಂಕಿ ಜೊತೆ ಆಡಿದ್ಯಲ್ಲ, ಅದಕ್ಕೇ’ ಎಂದು ಅಜ್ಜಿ ಕಾರಣ ಕೊಡುತ್ತಿದ್ದರು. ಅತ್ತೆಯ ಮಕ್ಕಳು ಅಡ್ಡಹೆಸರು ಇಡುತ್ತಿದ್ದರು. ಅಪ್ಪನಿಗೆ ಬೆತ್ತ ನೆನಪಾಗುತ್ತಿತ್ತು. ಅದೇ ಮನೆಯ ಅಜ್ಜ ರಾತ್ರಿ ಮೂರು ಸಲ ಎದ್ದು ಚೊಂಬು ಹಿಡಿದು ಹೊರಗೆ ಹೋಗಿ ಬರುತ್ತಿದ್ದುದಕ್ಕೆ ಮಾತ್ರ ಯಾರದ್ದೂ ತಕರಾರಿರಲಿಲ್ಲ.

ಅಜ್ಜನ ಪ್ರಾಸ್ಟೇಟ್ ಗ್ರಂಥಿಯ ಮಾತು ಬೇರೆ. ಅದನ್ನು ಬದಿಗಿಟ್ಟರೆ ಮುದುಕನಿಗೂ ಮೊಮ್ಮಗನಿಗೂ ಒಂದು ನಂಟಿದೆ. ರಾತ್ರಿ ಮೂತ್ರ ಕಡಿಮೆ ಮಾಡು ಎಂದು ದೇಹಕ್ಕೆ ಹೇಳುವ ಹಾರ್ಮೋನು ಅಜ್ಜನಲ್ಲಿ ವಯಸ್ಸಾದಂತೆ ಸೊರಗಿದೆ, ಮೊಮ್ಮಗನಲ್ಲಿ ಇನ್ನೂ ಪಳಗಿಲ್ಲ. ಎಚ್ಚರವಾಗುವುದರಿಂದ ಅಜ್ಜ ಬಚಾವಾಗುತ್ತಾನೆ. ಹುಡುಗನಿಗೆ ಎಚ್ಚರವಾಗುವುದಿಲ್ಲ.

ವಯಸ್ಕರ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಹೊರಗೆ ಹೋಗುವುದು ಒಂದೂವರೆ ಲೀಟರಿನ ಆಸುಪಾಸು. ಉಳಿದದ್ದೆಲ್ಲ ಮರಳಿ ರಕ್ತಕ್ಕೆ. ಕೊನೆಯ ಹಂತದಲ್ಲಿ ಎಷ್ಟು ನೀರು ಮರಳಬೇಕೆಂಬುದನ್ನು ತೀರ್ಮಾನಿಸುವುದು ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು. ನಮ್ಮ ಕೆರೆಗಳ ನೀರುಗಂಟಿಯನ್ನು ನೆನೆಸಿಕೊಳ್ಳಿ. ಯಾವ ತೂಬು ಯಾವಾಗ ತೆರೆಯಬೇಕು ಎಂಬುದು ಅವನಿಗೆ ಗೊತ್ತು. ಮೆದುಳಿನಿಂದ ವ್ಯಾಸೊಪ್ರೆಸಿನ್ ಬಂದೊಡನೆ ಮೂತ್ರಪಿಂಡದ ಕೊನೆಯ ನಾಳಗಳ ಗೋಡೆಯಲ್ಲಿ ಅಕ್ವಾಪೋರಿನ್ ಎಂಬ ಸಣ್ಣ ತೂಬುಗಳು ಸಾಲುಗಟ್ಟುತ್ತವೆ. ಹರಿದುಹೋಗಬೇಕಿದ್ದ ನೀರು ಅವುಗಳ ಮೂಲಕ ಕೆರೆಗೇ ವಾಪಸಾಗುತ್ತದೆ. ಈ ತೂಬುಗಳನ್ನು ಕಂಡುಹಿಡಿದುದಕ್ಕೆ ಅಮೆರಿಕದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಬಂತು.

ಬೆಳೆದ ಮಕ್ಕಳಲ್ಲಿ ಕತ್ತಲಾದ ಮೇಲೆ ಈ ನೀರುಗಂಟಿ ಚುರುಕಾಗುತ್ತಾನೆ. ರಾತ್ರಿಯ ಮೂತ್ರ ಹಗಲಿನ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹುಟ್ಟಿದ ಕೂಸಿಗೆ ಈ ಲೆಕ್ಕ ಗೊತ್ತಿಲ್ಲ. ಅದಕ್ಕೆ ಹಗಲೂ ಒಂದೇ ಇರುಳೂ ಒಂದೇ, ತೊಟ್ಟಿಲ ಬಟ್ಟೆ ಯಾವ ಹೊತ್ತಿಗೂ ಒದ್ದೆ. ಹಗಲು-ರಾತ್ರಿಯ ಭೇದ ವರ್ಷಗಳು ಕಳೆದಂತೆ ಮೈಗೂಡುತ್ತದೆ. ಕೆಲವು ಮಕ್ಕಳಲ್ಲಿ ಬೇಗ, ಕೆಲವರಲ್ಲಿ ಎಂಟು-ಹತ್ತು ವರ್ಷಕ್ಕೂ ಇಲ್ಲ.

ಇದನ್ನು ಮೊದಲು ಗಂಭೀರವಾಗಿ ಬರೆದವರಲ್ಲಿ ಪೌಲ್ಟನ್ ಎಂಬ ವೈದ್ಯರೊಬ್ಬರು. 1952ರಲ್ಲಿ, ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ. ಹಾಸಿಗೆ ಒದ್ದೆ ಮಾಡುವ ಮಕ್ಕಳಲ್ಲಿ ರಾತ್ರಿ ಮೂತ್ರದ ಪ್ರಮಾಣವೇ ಹೆಚ್ಚಿರಬಹುದು ಎಂಬ ಆ ಮಾತನ್ನು ಆಗ ಹೆಚ್ಚು ಜನ ಕಿವಿಗೆ ಹಾಕಿಕೊಳ್ಳಲಿಲ್ಲ. ಅದು ಎಲ್ಲವನ್ನೂ ಮನಸ್ಸಿನ ಕಾಯಿಲೆಯ ಖಾತೆಗೆ ಜಮಾ ಮಾಡುತ್ತಿದ್ದ ಕಾಲ. 1980ರ ದಶಕದಲ್ಲಿ ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ನ್ಯೋರ್ಗೋರ್, ರಿಟ್ಟಿಗ್, ಜುರ್ಹುಸ್ ಮತ್ತು ಸಂಗಡಿಗರು ರಾತ್ರಿಯಿಡೀ ರಕ್ತ ತೆಗೆದು, ಮೂತ್ರ ಅಳೆದು ನೋಡಿದರು. ಉಳಿದವರಲ್ಲಿ ರಾತ್ರಿ ವ್ಯಾಸೊಪ್ರೆಸಿನ್ ಏರುತ್ತಿತ್ತು, ಹಾಸಿಗೆ ಒದ್ದೆ ಮಾಡುವವರಲ್ಲಿ ಏರುತ್ತಿರಲಿಲ್ಲ. ಮೂತ್ರಕೋಶ ಹಿಡಿಯುವುದಕ್ಕಿಂತ ಹೆಚ್ಚು ಮೂತ್ರ ರಾತ್ರಿ ತಯಾರಾಗುತ್ತಿತ್ತು. 1989ರಲ್ಲಿ ರಿಟ್ಟಿಗ್ ಅವರ ಪ್ರಬಂಧ ಬಂದ ಮೇಲೆ ಮಾತಿನ ಧಾಟಿ ಬದಲಾಯಿತು.

ಪೂರ್ತಿ ಕಥೆ ಇಷ್ಟೇ ಆಗಿದ್ದರೆ ಮದ್ದು ಸುಲಭವಿತ್ತು. ಕೆಲವು ಮಕ್ಕಳಲ್ಲಿ ವ್ಯಾಸೊಪ್ರೆಸಿನ್ ಸರಿಯಾಗಿಯೇ ಏರುತ್ತದೆ, ಆದರೆ ಮೂತ್ರಪಿಂಡ ರಾತ್ರಿಯೂ ಉಪ್ಪನ್ನು ಹೊರಹಾಕುತ್ತಲೇ ಇರುತ್ತದೆ. ಉಪ್ಪು ಹೋದಲ್ಲಿ ನೀರೂ ಹಿಂದೆಯೇ ಹೋಗುತ್ತದೆ. ಸೋಸುವ ವೇಗಕ್ಕೇ ಒಂದು ದಿನಚರಿ ಇದೆ, ಹಗಲು ಹೆಚ್ಚು, ರಾತ್ರಿ ಕಡಿಮೆ. ಈ ದಿನಚರಿಗೆ ಮೆದುಳಿನ ಗಡಿಯಾರ ಮುಖ್ಯವಾದರೂ ಮೂತ್ರಪಿಂಡದ ಕೋಶಗಳಿಗೆ ತಮ್ಮದೇ ಗಡಿಯಾರವೂ ಉಂಟು. ಇಲಿಯ ಮೂತ್ರಪಿಂಡದ ಚೂರನ್ನು ದೇಹದಿಂದ ತೆಗೆದು ಗಾಜಿನ ತಟ್ಟೆಯಲ್ಲಿಟ್ಟರೂ ಅದು ದಿನಗಟ್ಟಲೆ ಟಿಕ್ ಟಿಕ್ ಅನ್ನುತ್ತಲೇ ಇದ್ದುದನ್ನು 2004ರಲ್ಲಿ ವಿಜ್ಞಾನಿಗಳು ತೋರಿಸಿದರು. ಇನ್ನು ಕೆಲವು ಮಕ್ಕಳ ಮೂತ್ರಕೋಶ ಚಿಕ್ಕದು, ಇಲ್ಲವೇ ಚಡಪಡಿಸುವಂಥದ್ದು. ಮಲಬದ್ಧತೆಯಿದ್ದರೆ ತುಂಬಿದ ಕರುಳು ಪಕ್ಕದಲ್ಲೇ ಕೂತು ಅದನ್ನು ಒತ್ತುತ್ತದೆ. ಇವೆಲ್ಲದರ ಮೇಲೆ, ಎಬ್ಬಿಸಿದರೂ ಏಳದ ಗಾಢ ನಿದ್ದೆ.

ಅರ್ಧರಾತ್ರಿ ಹುಡುಗನನ್ನು ಹೆಗಲಿಗೇರಿಸಿ ಬಚ್ಚಲಿಗೆ ಒಯ್ಯುವ ಅಪ್ಪಂದಿರು ನನ್ನ ಪರಿಚಯದಲ್ಲೇ ಹಲವರಿದ್ದಾರೆ. ಹಾಸಿಗೆ ಒಣಗಿರುತ್ತದೆ ನಿಜ. ಹುಡುಗ ಮಾತ್ರ ಕಣ್ಣು ಮುಚ್ಚಿಯೇ ಕೆಲಸ ಮುಗಿಸಿರುತ್ತಾನೆ, ಕಲಿತದ್ದು ಏನೂ ಇಲ್ಲ. ಆರ್ಹುಸಿನಲ್ಲೇ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 8ರಿಂದ 12 ವರ್ಷದ ಆರೋಗ್ಯವಂತ ಮಕ್ಕಳನ್ನು ಒಂದು ರಾತ್ರಿ ಪೂರಾ ಎಚ್ಚರವಿರಿಸಿದಾಗ ಅವರ ಮೂತ್ರವೂ ಅದರಲ್ಲಿನ ಉಪ್ಪೂ ಹೆಚ್ಚಾದವು. ಒಂದು ಸಲ ಎಬ್ಬಿಸುವುದಕ್ಕೂ ಇಡೀ ರಾತ್ರಿ ನಿದ್ದೆಗೆಡಿಸುವುದಕ್ಕೂ ವ್ಯತ್ಯಾಸವಿದೆ, ಒಪ್ಪೋಣ. ಆದರೂ ಮೂತ್ರಪಿಂಡದ ಇರುಳ ಲಯ ನಿದ್ದೆಯನ್ನೂ ನೆಚ್ಚಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕೆ?

ನಮ್ಮ ಮಕ್ಕಳ ದಿನಚರಿಯೂ ಈ ಲಯದ ವಿರುದ್ಧವೇ ಹೊರಟಂತಿದೆ. ಶಾಲೆಯ ಶೌಚಾಲಯದ ವಾಸನೆಗೆ ಹೆದರಿ, ಮುಖ್ಯವಾಗಿ ಹೆಣ್ಣುಮಕ್ಕಳು, ದಿನವಿಡೀ ನೀರು ಮುಟ್ಟುವುದಿಲ್ಲ. ಬೆಳಗ್ಗೆ ತುಂಬಿ ಕಳಿಸಿದ ಬಾಟಲಿ ಸಂಜೆ ತುಂಬಿಯೇ ವಾಪಸು. ಮನೆಗೆ ಬಂದವರೇ ಗಟಗಟ ಕುಡಿಯುತ್ತಾರೆ. ಟ್ಯೂಷನ್ ಮುಗಿದು ಒಂಬತ್ತೂವರೆಗೆ ಊಟ, ಜೊತೆಗೆ ಹಪ್ಪಳ, ಉಪ್ಪಿನಕಾಯಿ, ಕೊನೆಗೊಂದು ಲೋಟ ಮಜ್ಜಿಗೆ, ಹತ್ತಕ್ಕೆ ಹಾಸಿಗೆ. ನೀರುಗಂಟಿಗೆ ಪಾಪ ಏನು ಮಾಡಲು ಸಾಧ್ಯ? 2019ರಲ್ಲಿ ಕೇರಳದ ಶಾಲೆಗಳ ‘ವಾಟರ್ ಬೆಲ್’ ಸುದ್ದಿಯಾಗಿ ಕರ್ನಾಟಕವೂ ಅದರತ್ತ ಕಣ್ಣು ಹಾಯಿಸಿತು. ಗಂಟೆ ಹೊಡೆದಾಗ ಮಕ್ಕಳು ನೀರು ಕುಡಿಯಬೇಕು. ಒಳ್ಳೆಯ ಯೋಚನೆ, ಆದರೆ ಕುಡಿದ ಮೇಲೆ ಹೋಗಲು ಬಾಗಿಲು ಮುಚ್ಚುವ, ನೀರು ಬರುವ ಒಂದು ಜಾಗವೂ ಬೇಕಲ್ಲ.

ತೊಂದರೆ ಅಪರೂಪದ್ದಲ್ಲ. ಐದು ವರ್ಷದ ನೂರು ಮಕ್ಕಳಲ್ಲಿ ಹದಿನೈದರಷ್ಟು ಮಂದಿಗೆ ಇದಿರುತ್ತದೆ. ಮದ್ದಿಲ್ಲದೆಯೇ ವರ್ಷಕ್ಕೆ ಸುಮಾರು ನೂರಕ್ಕೆ 15ರಷ್ಟು ಮಕ್ಕಳು ತಾವಾಗಿಯೇ ಹೊರಬರುತ್ತಾರೆ. ಅಪ್ಪ-ಅಮ್ಮ ಇಬ್ಬರಿಗೂ ಬಾಲ್ಯದಲ್ಲಿ ಇದ್ದರೆ ಮಗುವಿಗೆ ಬರುವ ಸಾಧ್ಯತೆ ನಾಲ್ಕರಲ್ಲಿ ಮೂರು. ಬೆತ್ತ ಹುಡುಕುವ ಅಪ್ಪ ಮೊದಲು ತನ್ನ ತಾಯಿಯನ್ನು ಒಂದು ಮಾತು ಕೇಳುವುದು ಒಳ್ಳೆಯದು.

ನಾನಿದ್ದ ಹಾಸ್ಟೆಲ್ಲಿನಲ್ಲಿ ಆರನೇ ತರಗತಿಯ ಒಬ್ಬ ಹುಡುಗ ನಾಲ್ಕು ಗಂಟೆಗೇ ಎದ್ದು ಚಾದರ ಒಗೆಯುತ್ತಿದ್ದ. ವಾರ್ಡನ್‌ಗೆ ಸಿಕ್ಕಿಬಿದ್ದ ದಿನ ಆ ಒದ್ದೆ ಚಾದರವನ್ನು ಹೊದ್ದುಕೊಂಡೇ ಪ್ರಾರ್ಥನೆಗೆ ನಿಂತ. ದಸರಾ ರಜೆಗೆ ಹೋದವನು ತಿರುಗಿ ಬರಲಿಲ್ಲ. ಜಾರ್ಜ್ ಆರ್ವೆಲ್ ಎಂಟು ವರ್ಷದವರಿದ್ದಾಗ ಇಂಗ್ಲೆಂಡಿನ ವಸತಿಶಾಲೆಯಲ್ಲಿ ಇದೇ ಕಾರಣಕ್ಕೆ ಏಟು ತಿಂದರು. ತಾನು ಬಯಸದೆಯೂ, ತನಗೆ ಗೊತ್ತೇ ಆಗದೆಯೂ ಪಾಪ ಮಾಡಿಬಿಡಬಹುದು ಎಂಬ ಭಯ ಅಲ್ಲಿ ತನ್ನೊಳಗೆ ಹೊಕ್ಕಿದ್ದನ್ನು ಮುಂದೆ ಬರೆದರು. ನಮ್ಮ ಹುಡುಗ ಬರೆಯಲಿಲ್ಲ, ಅಷ್ಟೇ.

ಚಿಕಿತ್ಸೆ ಎರಡು ಬಗೆಯದು. ಒಂದು, ಒದ್ದೆಯಾದೊಡನೆ ಕೂಗುವ ಅಲಾರಂ. ಇದರ ಹುಟ್ಟು ತಮಾಷೆಯಾಗಿದೆ. 1904ರಲ್ಲಿ ಪ್ಫೌಂಡ್ಲರ್ ಎಂಬ ಮಕ್ಕಳ ವೈದ್ಯರು ಬಟ್ಟೆ ಬದಲಿಸುವ ಹೊತ್ತು ದಾದಿಯರಿಗೆ ಗೊತ್ತಾಗಲೆಂದು ಹಾಸಿಗೆಗೆ ಗಂಟೆ ಕಟ್ಟಿದರು. ಗಂಟೆ ಕೇಳಿ ಕೇಳಿ ಮಕ್ಕಳೇ ಒದ್ದೆ ಮಾಡುವುದನ್ನು ಬಿಟ್ಟರು. ಎರಡು-ಮೂರು ತಿಂಗಳು ಹಟ ಬಿಡದೆ ಬಳಸಿದರೆ ಮೂರರಲ್ಲಿ ಎರಡು ಪಾಲು ಮಕ್ಕಳಿಗೆ ಉಪಯೋಗ. ಅಷ್ಟೂ ದಿನ ಮನೆಮಂದಿಯೆಲ್ಲ ಏಳಬೇಕಾಗುತ್ತದೆ ಎಂಬುದನ್ನು ಮೊದಲೇ ತಿಳಿದಿರಬೇಕು. ಇನ್ನೊಂದು ಡೆಸ್ಮೊಪ್ರೆಸಿನ್, ಅಂದರೆ ವ್ಯಾಸೊಪ್ರೆಸಿನ್‌ನ ತಯಾರಿಸಿದ ತಮ್ಮ. ರಾತ್ರಿ ಹೆಚ್ಚು ಮೂತ್ರ ತಯಾರಾಗುವ ಮಕ್ಕಳಿಗೆ ಇದು ಚೆನ್ನಾಗಿ ಹಿಡಿಸುತ್ತದೆ. ಆದರೆ ಮಾತ್ರೆ ನುಂಗಿ ಮೇಲೆ ಚೊಂಬುಗಟ್ಟಲೆ ನೀರು ಕುಡಿದರೆ ರಕ್ತದ ಸೋಡಿಯಂ ಕುಸಿದು ಫಿಟ್ಸ್ ಬರಬಹುದು. ಹಾಗಾಗಿ ಪಕ್ಕದ ಮನೆಯವರು ಹೇಳಿದರೆಂದು ತರುವ ಮಾತ್ರೆ ಇದಲ್ಲ, ವೈದ್ಯರೇ ಬರೆದುಕೊಡಬೇಕು. ಆರು ತಿಂಗಳಿಗೂ ಹೆಚ್ಚು ಒಣಗಿದ್ದ ಹಾಸಿಗೆ ಹಠಾತ್ತನೆ ಒದ್ದೆಯಾಗತೊಡಗಿತೇ? ವಿಪರೀತ ಬಾಯಾರಿಕೆ, ತೂಕ ಇಳಿತ ಜೊತೆಗಿವೆಯೇ? ಅದು ಸಕ್ಕರೆ ಕಾಯಿಲೆ ಇರಬಹುದು, ಅಂದೇ ತೋರಿಸಿ. ಮೂತ್ರ ಮಾಡುವಾಗ ಉರಿ, ನಿದ್ದೆಯಲ್ಲಿ ಉಸಿರು ಕಟ್ಟುವ ಗೊರಕೆ ಇದ್ದರೂ ವೈದ್ಯರಿಗೆ ತಿಳಿಯಬೇಕು.

ಯಾವ ಬಗೆಯ ತೊಂದರೆ ಎಂದು ತಿಳಿಯಲು ದೊಡ್ಡ ಯಂತ್ರ ಬೇಡ, ಅಡುಗೆಮನೆಯ ತಕ್ಕಡಿ ಸಾಕು. ರಾತ್ರಿ ಡೈಪರ್ ಹಾಕುವ ಮೊದಲು ತೂಗಿ, ಬೆಳಗ್ಗೆ ಮತ್ತೆ ತೂಗಬೇಕು. ಒಂದು ಗ್ರಾಂ ಏರಿದರೆ ಸುಮಾರು ಒಂದು ಮಿಲಿ. ಎದ್ದೊಡನೆ ಮಾಡುವ ಮೂತ್ರವನ್ನು ಅಳತೆಯ ಲೋಟದಲ್ಲಿ ಹಿಡಿದು ಇದಕ್ಕೆ ಕೂಡಿಸಬೇಕು. ಮಗುವಿನ ವಯಸ್ಸಿಗೆ ಒಂದು ಸೇರಿಸಿ 30ರಿಂದ ಗುಣಿಸಿದರೆ ಮೂತ್ರಕೋಶ ಹಿಡಿಯಬೇಕಾದ ಅಂದಾಜು ಸಿಗುತ್ತದೆ. ಏಳು ವರ್ಷದವನಿಗೆ 240 ಮಿಲಿ. ರಾತ್ರಿಯ ಮೊತ್ತ ಇದರ ಶೇ 130, ಅಂದರೆ 312 ಮಿಲಿ, ದಾಟುತ್ತಲೇ ಇದ್ದರೆ ತಡವಾಗಿರುವುದು ಮೂತ್ರಪಿಂಡದ ಗಡಿಯಾರ. ನನಗೆ ಗೊತ್ತಿರುವ ಮನೆಯೊಂದರಲ್ಲಿ ವಾರದಿಂದ ಈ ಲೆಕ್ಕ ನಡೆದಿದೆ. ಮೊದಲೆರಡು ದಿನ ಕಂಬಳಿಯೊಳಗೆ ಮುಖ ಹುದುಗಿಸುತ್ತಿದ್ದ ಹುಡುಗ ಈಗ ತಾನೇ ತಕ್ಕಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂರುತ್ತಾನಂತೆ. ‘ಅಮ್ಮಾ, ಬರ್ಕೋ, ಮುನ್ನೂರ ನಲವತ್ತು.’