ತಬಲಾ, ಹಲಗೆ, ಡ್ರಮ್ಮು: ಹೆಸರು ದೊಡ್ಡದೋ, ನಾದ ದೊಡ್ಡದೋ?

ಮನೆಯಲ್ಲಿ ಮಗನೋ ಮಗಳೋ ತಬಲಾ ಕಲಿಯಬೇಕೆಂದು ಹಟ ಹಿಡಿದಾಗ ತಂದೆಗೆ ಮೊದಲು ಎದುರಾಗುವ ಪ್ರಶ್ನೆ, ಎಲ್ಲಿಯ ತಬಲಾ ತರಬೇಕು ಎಂಬುದು. ರಾಯಚೂರಿನಲ್ಲಿ ಬಲ್ಲವರನ್ನು ವಿಚಾರಿಸಿದರೆ ಒಬ್ಬರು ದಿಲ್ಲಿಯದೇ ಆಗಬೇಕೆನ್ನುತ್ತಾರೆ. ಇನ್ನೊಬ್ಬರು ಮುಂಬಯಿಯ ಕೈಗೆಲಸಕ್ಕೆ ಸಾಟಿಯಿಲ್ಲವೆನ್ನುತ್ತಾರೆ. ಮತ್ತೊಬ್ಬರು, ಅಷ್ಟು ದೂರವೇಕೆ, ಹೈದರಾಬಾದಿನ ಅಂಗಡಿಯದೇ ಸಾಕು, ಆದರೆ ಪುಡಿ ಚೆನ್ನಾಗಿರಲಿ ಎನ್ನುತ್ತಾರೆ. ದೇವದುರ್ಗದ ಕಡೆ ಮೊಹರಮ್ಮಿನ ಹಲಗೆಯವರಲ್ಲಿ ಚರ್ಮದ್ದು ಮೇಲೋ ಪ್ಲಾಸ್ಟಿಕ್ಕಿನದು ಮೇಲೋ ಎಂಬ ವಾದ. ಮಾನ್ವಿಯ ಭಜನಾಮಂಡಲಿಗಳಲ್ಲಿ ಹಿತ್ತಾಳೆಯ ಡಗ್ಗಾವೋ ತಾಮ್ರದ್ದೋ ಎಂಬ ಚರ್ಚೆ. ಮದುವೆಯ ಬ್ಯಾಂಡಿನವರಲ್ಲಿ ಪರದೇಶದ ಹೆಸರುಗಳ ಮಾತು. ಇವರೆಲ್ಲರೂ ಅನುಭವಸ್ಥರೇ, ಯಾರೂ ಸುಳ್ಳು ಹೇಳುವವರಲ್ಲ. ಹಾಗಾದರೆ ಅಭಿಪ್ರಾಯಗಳು ಇಷ್ಟು ಬೇರೆಯಾಗಲು ಕಾರಣವೇನು? ಅದನ್ನು ತುಸು ವಿವರಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಹಿಂದಿನವರು ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದರು. ತಂತಿಯವು ತತ, ಊದುವವು ಸುಷಿರ, ತಾಳದಂತಹ ಗಟ್ಟಿ ಲೋಹದವು ಘನ. ಚರ್ಮವನ್ನು ಬಿಗಿದು ಕಟ್ಟಿದವು ಅವನದ್ಧ. ಆ ಮಾತಿನ ಅರ್ಥವೇ ‘ಬಿಗಿದು ಕಟ್ಟಿದ್ದು’ ಎಂದು. ಭರತನ ನಾಟ್ಯಶಾಸ್ತ್ರದಲ್ಲಿ ಸ್ವಾತಿಮುನಿಯ ಕಥೆ ಬರುತ್ತದೆ. ಸರೋವರಕ್ಕೆ ಹೋಗಿದ್ದ ಆತನು ಮಳೆಹನಿಗಳು ದೊಡ್ಡ, ಸಣ್ಣ, ನಡುತರದ ತಾವರೆಯೆಲೆಗಳ ಮೇಲೆ ಬಿದ್ದಾಗ ಹುಟ್ಟಿದ ಬೇರೆ ಬೇರೆ ದನಿಗಳನ್ನು ಕೇಳಿ, ಅದೇ ಮೇರೆಗೆ ಪುಷ್ಕರವಾದ್ಯಗಳನ್ನು ಮಾಡಿಸಿದನಂತೆ. ಕಥೆ ಹೇಗೇ ಇರಲಿ, ಅದೇ ಗ್ರಂಥದಲ್ಲಿ ಚರ್ಮ ಎಂತಹುದಿರಬೇಕು, ಮುಚ್ಚಿಗೆಗೆ ಬಳಿಯಲು ಹೊಳೆದಂಡೆಯ ಮಣ್ಣು ಎಂತಹುದಾಗಬೇಕು ಎಂಬ ವಿಚಾರವೂ ಉಂಟು. ಎಂದರೆ, ಮದ್ದಳೆಯ ನಾದ ಮರಕ್ಕಿಂತ ಹೆಚ್ಚಾಗಿ ಚರ್ಮವನ್ನೂ ಅದರ ಮೇಲಿನ ಲೇಪವನ್ನೂ ಅವಲಂಬಿಸಿದೆ ಎಂಬುದು ಆಗಲೇ ತಿಳಿದಿತ್ತು.

ಈ ಲೇಪದ ಗುಟ್ಟನ್ನು ವಿಜ್ಞಾನದ ಭಾಷೆಯಲ್ಲಿ ಬಿಡಿಸಿ ಹೇಳಿದವರು ಸರ್ ಸಿ. ವಿ. ರಾಮನ್ ಅವರು. ೧೯೨೦ರಲ್ಲಿ ಶಿವಕಾಳಿ ಕುಮಾರ್ ಅವರೊಡನೆ ‘ನೇಚರ್’ ಪತ್ರಿಕೆಯಲ್ಲಿಯೂ, ೧೯೩೪ರಲ್ಲಿ ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ಸಿನ ಪತ್ರಿಕೆಯಲ್ಲಿಯೂ ಅವರು ನಮ್ಮ ಚರ್ಮವಾದ್ಯಗಳ ಬಗ್ಗೆ ಬರೆದರು. ಲೇಪವಿಲ್ಲದ ಬರಿಯ ಚರ್ಮವನ್ನು ಬಡಿದಾಗ ಮೂಲನಾದದೊಡನೆ ಅದರ ೧.೫೯, ೨.೧೪, ೨.೩೦ ಪಟ್ಟು ಕಂಪನದ ಉಪನಾದಗಳು ಹುಟ್ಟುತ್ತವೆ. ಇವು ಒಂದಕ್ಕೊಂದು ಹೊಂದುವುದಿಲ್ಲ. ಆದ್ದರಿಂದಲೇ ಅಂತಹ ವಾದ್ಯದಲ್ಲಿ ಸದ್ದು ಉಂಟು, ಸ್ಪಷ್ಟವಾದ ಸ್ವರವಿಲ್ಲ. ತಬಲಾ ಮತ್ತು ಮೃದಂಗಗಳ ನಡುವೆ ಕಪ್ಪಗೆ ಕಾಣುವ ಶಾಯಿ ಅಥವಾ ಕರಣೆ ಚರ್ಮದ ನಡುಭಾಗಕ್ಕೆ ಭಾರ ಕೊಟ್ಟು ಆ ಉಪನಾದಗಳನ್ನು ೧, ೨, ೩, ೪, ೫ ಎಂಬ ಸರಳ ಪ್ರಮಾಣಕ್ಕೆ ತರುತ್ತದೆ. ತಂತಿವಾದ್ಯದಲ್ಲಿ ಇರುವುದೂ ಇದೇ ಪ್ರಮಾಣ. ತಬಲಾ ತಂಬೂರಿಯೊಡನೆ ಶ್ರುತಿಗೂಡುವುದು ಈ ಕಾರಣದಿಂದ. ರಾಮನ್ ಅವರು ಚರ್ಮದ ಮೇಲೆ ಸಣ್ಣ ಮರಳನ್ನು ಉದುರಿಸಿ, ಅದು ಕೂಡಿಕೊಳ್ಳುವ ಗೆರೆಗಳನ್ನು ನೋಡಿ ಇದನ್ನು ತೋರಿಸಿಕೊಟ್ಟರು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ತಬಲಾದವರ ವಾದವನ್ನು ನೋಡೋಣ. ಬಲಗೈಯ ತಬಲಾದ ಒಡಲು ಮರದ್ದು. ಬೀಟೆ, ಹೊನ್ನೆ, ಬೇವು, ಅಗ್ಗದ್ದಾದರೆ ಮಾವು. ಭಾರವಾದ ಗಟ್ಟಿಮರದ ಒಡಲು ತಾನು ಅಲುಗುವುದು ಕಡಿಮೆ. ಆದಕಾರಣ ಪೆಟ್ಟಿನ ಶಕ್ತಿ ಚರ್ಮದಲ್ಲಿಯೇ ಉಳಿದು ನಾದ ಹೆಚ್ಚು ಹೊತ್ತು ನಿಲ್ಲುತ್ತದೆ. ಬೀಟೆಯನ್ನು ಹೊಗಳುವವರ ಮಾತಿನಲ್ಲಿ ಇಷ್ಟು ಸತ್ಯವಿದೆ. ಆದರೆ ಒಳ್ಳೆಯ ಒಡಲಿಗೆ ಕೆಟ್ಟ ಪುಡಿ ಹೊದಿಸಿದರೆ ಬೀಟೆಯ ಮರ ಏನೂ ಮಾಡಲಾರದು. ಸಾಧಾರಣ ಮರಕ್ಕೆ ನುರಿತ ಕೈಯ ಪುಡಿ ಹೊದಿಸಿದರೆ ಅದು ಚೆನ್ನಾಗಿಯೇ ನುಡಿಯುತ್ತದೆ. ಶಾಯಿಯನ್ನು ಒಮ್ಮೆಗೇ ಬಳಿಯುವುದಿಲ್ಲ. ಕಬ್ಬಿಣದ ಕಪ್ಪು ಪುಡಿಯನ್ನು ಗಂಜಿಯಲ್ಲಿ ಕಲಸಿ, ಒಂದರ ಮೇಲೊಂದು ತೆಳುಪದರವಾಗಿ ಹಚ್ಚಿ, ಪ್ರತಿಯೊಂದನ್ನೂ ನುಣುಪಾದ ಕಲ್ಲಿನಿಂದ ತೀಡುತ್ತಾರೆ. ತೀಡಿದಂತೆಲ್ಲ ಕಣ್ಣಿಗೆ ಕಂಡೂ ಕಾಣದ ಬಿರುಕುಗಳು ಮೂಡಿ, ಶಾಯಿ ಚರ್ಮದೊಡನೆ ಬಾಗಬಲ್ಲುದಾಗುತ್ತದೆ. ಆ ಬಿರುಕುಗಳು ದೋಷವಲ್ಲ, ಗುಣ. ಇದು ಯಾವ ಊರಿನ ಮುದ್ರೆಯಿಂದಲೂ ಬರತಕ್ಕದ್ದಲ್ಲ; ಮಾಡಿದವನ ಕೈಯಿಂದ ಬರತಕ್ಕದ್ದು.

ಅಭಿಪ್ರಾಯಭೇದಕ್ಕೆ ಇನ್ನೊಂದು ಕಾರಣ ಶ್ರುತಿ. ತಬಲಾದ ಬಾಯಿಯ ಅಗಲ ಐದು ಅಂಗುಲದಿಂದ ಆರೂವರೆ ಅಂಗುಲದವರೆಗೂ ಇರುತ್ತದೆ. ಚಿಕ್ಕ ಬಾಯಿಯದು ಮೇಲಿನ ಶ್ರುತಿಗೆ, ದೊಡ್ಡದು ಕೆಳಗಿನ ಶ್ರುತಿಗೆ. ಗಂಡಸರ ಗಾಯನಕ್ಕೆ ಸಾಮಾನ್ಯವಾಗಿ ಕಪ್ಪು ಒಂದರ ತಬಲಾ ಬೇಕು. ಹೆಂಗಸರು ಕಪ್ಪು ನಾಲ್ಕು, ಐದರಲ್ಲಿ ಹಾಡುವುದರಿಂದ ಅವರಿಗೆ ದೊಡ್ಡ ಬಾಯಿಯದು ಒಪ್ಪುತ್ತದೆ. ಒಂದಕ್ಕೆಂದು ಮಾಡಿದ್ದನ್ನು ಇನ್ನೊಂದಕ್ಕೆ ಎಳೆದರೆ ಪುಡಿ ಹರಿಯುತ್ತದೆ, ಇಲ್ಲವೆ ಸಡಿಲವಾಗಿ ಬೊದಬೊದ ಎನ್ನುತ್ತದೆ. ಕಂಪನವನ್ನು ಎರಡು ಪಟ್ಟು ಮಾಡಬೇಕಾದರೆ ಬಿಗಿತವನ್ನು ನಾಲ್ಕು ಪಟ್ಟು ಮಾಡಬೇಕೆಂಬ ಲೆಕ್ಕವನ್ನು ನೆನೆದರೆ ಚರ್ಮದ ಪಾಡು ಏನೆಂಬುದು ತಿಳಿದೀತು. ಒಬ್ಬರು ಹೊಗಳಿದ ವಾದ್ಯವನ್ನೇ ಇನ್ನೊಬ್ಬರು ತೆಗಳಿದರೆ, ಅವರು ಯಾವ ಶ್ರುತಿಗೆ ನುಡಿಸುವವರೆಂದು ಕೇಳಬೇಕು. ಎಡಗೈಯ ಡಗ್ಗಾದಲ್ಲಿಯೂ ಹೀಗೆಯೇ. ತಾಮ್ರ, ಹಿತ್ತಾಳೆಗಳ ಭಾರವಾದ ಡಗ್ಗಾ ಗುಂಗುಡುತ್ತದೆ, ಅಂಗೈಯ ಒತ್ತಿಗೆ ದನಿ ಚೆನ್ನಾಗಿ ಜಾರುತ್ತದೆ. ತೆಳುತಗಡಿನದು ಹೊರಲು ಹಗುರ, ಆದರೆ ನಾದವೂ ಹಗುರ. ಊರೂರು ತಿರುಗಿ ರಾತ್ರಿಯೆಲ್ಲ ಭಜನೆ ಮಾಡುವವರಿಗೆ ಹಗುರಾದದ್ದು ಬೇಕಾದರೆ ಅದೂ ನ್ಯಾಯವೇ. ಮಾನ್ವಿ ಜಗನ್ನಾಥದಾಸರ ಊರು. ಅಲ್ಲಿಯ ಭಜನೆಯವನಿಗೆ ಬೇಕಾದುದು ತಾಳಕ್ಕೆ ತಪ್ಪದ, ಪ್ರಯಾಣಕ್ಕೆ ತಡೆಯುವ ವಾದ್ಯ. ಕಚೇರಿಯ ತಬಲಾದವನ ಅಳತೆಗೋಲು ಬೇರೆ.

ನಮ್ಮ ಜಿಲ್ಲೆಯ ಹವೆಯೂ ಈ ವಾದದಲ್ಲಿ ಪಾಲುದಾರ. ಕೃಷ್ಣೆ ತುಂಗಭದ್ರೆಗಳ ನಡುವಿನ ಈ ದೋಆಬಿನಲ್ಲಿ ಬೇಸಗೆಯ ಬಿಸಿಲು ೪೦ ಡಿಗ್ರಿಯನ್ನು ದಾಟುತ್ತದೆ. ಗಾಳಿಯ ತೇವವೆಲ್ಲ ಆರಿದಾಗ ಚರ್ಮ ತಾನಾಗಿ ಬಿಗಿದು ಶ್ರುತಿ ಮೇಲೇರುತ್ತದೆ. ಮೊದಲೇ ಬಿಗಿದು ಇಟ್ಟಿದ್ದರೆ ಒಂದು ಮಧ್ಯಾಹ್ನ ಪುಡಿ ಬಿರಿಯುವುದೂ ಉಂಟು. ಮುಂಗಾರು ಹಿಡಿದೊಡನೆ ಚರ್ಮ ತೇವವನ್ನು ಹೀರಿ ಜೋಲುತ್ತದೆ. ಕಡಲತಡಿಯ ತೇವದ ಹವೆಯಲ್ಲಿ ಹದಗೊಂಡ ಪುಡಿ ರಾಯಚೂರಿಗೆ ಬಂದ ಮೊದಲ ಬೇಸಗೆಯಲ್ಲಿಯೇ ಸೀಳಿದರೆ, ತಪ್ಪು ಮಾಡಿದವನದೂ ಅಲ್ಲ, ಕೊಂಡವನದೂ ಅಲ್ಲ. ನುಡಿಸಿದ ಮೇಲೆ ಗಟ್ಟೆಗಳನ್ನು ತುಸು ಮೇಲಕ್ಕೆ ಬಡಿದು ಬಿಗಿತವನ್ನು ಇಳಿಸಿ, ದಪ್ಪ ಅರಿವೆ ಹೊದಿಸಿ, ಬಿಸಿಲು ಬೀಳದ ಕಡೆ ಇಡುವುದು ಮನೆಯವರು ಮಾಡಬಹುದಾದ ಉಪಚಾರ.

ಇನ್ನು ಹಲಗೆ. ಬಳೆಯಾಕಾರದ ಚೌಕಟ್ಟಿಗೆ ಚರ್ಮವನ್ನು ಬಿಗಿದು, ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದರಲ್ಲಿ ಸಣ್ಣ ಕಡ್ಡಿ ಹಿಡಿದು ಬಾರಿಸುವ ಈ ವಾದ್ಯವನ್ನು ತೆಲುಗು ಸೀಮೆಯಲ್ಲಿ ದಪ್ಪು ಎನ್ನುತ್ತಾರೆ. ಮೊಹರಮ್ಮಿನಲ್ಲಿ ಅಲಾಯಿ ಕುಣಿತಕ್ಕೆ, ಜಾತ್ರೆಗೆ, ಮೆರವಣಿಗೆಗೆ ಇದೇ ಜೀವ. ಬಾರಿಸುವ ಮೊದಲು ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸುವುದನ್ನು ಎಲ್ಲರೂ ಕಂಡಿದ್ದೇವೆ. ಚರ್ಮದ ತೇವವನ್ನು ಹೊರಡಿಸಿ ಬಿಗಿತ ತರುವ ಉಪಾಯವದು. ಈಗ ಕಬ್ಬಿಣದ ಬಳೆಗೆ ಪ್ಲಾಸ್ಟಿಕ್ ಹಾಳೆಯನ್ನು ಬೋಲ್ಟಿನಿಂದ ಬಿಗಿದ ಹಲಗೆಗಳು ಬಂದಿವೆ. ಇದಕ್ಕೆ ಬೆಂಕಿ ಬೇಡ, ಮಳೆಯಲ್ಲಿಯೂ ನುಡಿಯುತ್ತದೆ, ಸದ್ದು ದೂರ ಹೋಗುತ್ತದೆ. ಹರೆಯದವರು ಇದನ್ನು ಮೆಚ್ಚುತ್ತಾರೆ. ಹಿರಿಯರು ಕೇಳಿ, ‘ಇದು ತಗಡಿನ ಹಾಗೆ ಕಿವಿಗೆ ಚುಚ್ಚುತ್ತದೆ, ಎದೆಗೆ ತಾಗುವುದಿಲ್ಲ’ ಎನ್ನುತ್ತಾರೆ. ಇದು ಬರಿಯ ಹಳೆಯ ಕಾಲದ ಮೋಹವಲ್ಲ. ಚರ್ಮದ ನಾರುಗಳು ತಾರಸ್ಥಾಯಿಯ ಉಪನಾದಗಳನ್ನು ಬೇಗನೆ ನುಂಗಿಬಿಡುತ್ತವೆ. ಪ್ಲಾಸ್ಟಿಕ್ ನುಂಗದೆ ಮೊಳಗಿಸುತ್ತದೆ. ಎರಡು ಪಕ್ಷದವರೂ ಕೇಳಿಸಿದ್ದನ್ನೇ ಹೇಳುತ್ತಿದ್ದಾರೆ. ಮೈದಾನದ ಗದ್ದಲದಲ್ಲಿ ದೂರ ಮುಟ್ಟಬೇಕೇ, ಹತ್ತಿರ ಕುಣಿಯುವವನ ಕಾಲಿಗೆ ಲಯ ಕೊಡಬೇಕೇ ಎಂಬುದರ ಮೇಲೆ ತೀರ್ಪು ನಿಂತಿದೆ.

ಪ್ಲಾಸ್ಟಿಕ್ ಮುಚ್ಚಿಗೆ ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿ ೧೯೫೦ರ ದಶಕದಲ್ಲಿ ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆ ಬಳಕೆಗೆ ಬಂತು. ಅದನ್ನು ಡ್ರಮ್ಮಿಗೆ ಹೊಂದಿಸಿದವರಲ್ಲಿ ಚಿಕ್ ಇವಾನ್ಸ್, ರೆಮೊ ಬೆಲ್ಲಿ ಮುಖ್ಯರು. ಬೆಲ್ಲಿಯವರ ರೆಮೊ ಕಂಪನಿ ೧೯೫೭ರಲ್ಲಿ ಆರಂಭವಾಯಿತು. ಇಂದಿಗೂ ಡ್ರಮ್ ನುಡಿಸುವವರು ಇವಾನ್ಸೋ ರೆಮೊವೋ ಎಂದು ವಾದಿಸುತ್ತಲೇ ಇರುತ್ತಾರೆ. ಹೆಸರಿನ ಬಲಕ್ಕೆ ಇನ್ನೊಂದು ನಿದರ್ಶನ ಲುಡ್ವಿಗ್. ೧೯೦೯ರಲ್ಲಿ ಷಿಕಾಗೋದಲ್ಲಿ ಸ್ಥಾಪಿತವಾದ ಈ ಮನೆತನದ ಹೆಸರು ೧೯೬೪ರ ಫೆಬ್ರುವರಿಯಲ್ಲಿ ಬೀಟಲ್ಸ್ ತಂಡದ ರಿಂಗೊ ಸ್ಟಾರ್ ಅಮೆರಿಕದ ಟೆಲಿವಿಷನ್ನಿನಲ್ಲಿ ನುಡಿಸಿದಾಗ ಡ್ರಮ್ಮಿನ ಮೇಲೆ ದಪ್ಪಕ್ಷರದಲ್ಲಿ ಎದ್ದುಕಂಡಿತು; ಮಾರಾಟ ಏರಿತು. ಜನ ಕೊಂಡದ್ದು ನಾದವನ್ನೋ ಹೆಸರನ್ನೋ ಎಂದು ವಿಂಗಡಿಸುವುದು ಕಷ್ಟ. ಲುಡ್ವಿಗ್ಗಿನ ಡ್ರಮ್ಮು ಕೆಟ್ಟದ್ದೇನೂ ಅಲ್ಲ; ಆದರೆ ಅದನ್ನು ಕೊಂಡವರೆಲ್ಲ ರಿಂಗೊ ಸ್ಟಾರ್ ಆಗಲಿಲ್ಲ.

ರೇಡಿಯೋ ಕೇಳುವವರಿಗೆ ಒಂದು ಎಚ್ಚರಿಕೆಯ ಮಾತು. ರಾತ್ರಿ ಸಂಗೀತ ಕೇಳಿ, ‘ಇಂಥವರ ತಬಲಾದಂತಹುದೇ ಬೇಕು’ ಎಂದು ನಿಶ್ಚಯಿಸುವುದು ಸರಿಯಲ್ಲ. ಮಧ್ಯಮ ತರಂಗದಲ್ಲಿ ಸೆಕೆಂಡಿಗೆ ನಾಲ್ಕೂವರೆ ಸಾವಿರಕ್ಕೆ ಮೇಲ್ಪಟ್ಟ ಕಂಪನಗಳು ಬಹುಮಟ್ಟಿಗೆ ಕತ್ತರಿಸಿಹೋಗುತ್ತವೆ, ಎಫ್. ಎಂ.ನಲ್ಲಿ ಹದಿನೈದು ಸಾವಿರದವರೆಗೆ ಬರುತ್ತವೆ. ಇತ್ತ ಡಗ್ಗಾದ ಮೂಲನಾದವು ಸೆಕೆಂಡಿಗೆ ನೂರರ ಆಸುಪಾಸಿನದು. ಅಂಗೈಯಗಲದ ಸ್ಪೀಕರು ಅದನ್ನು ಹೊರಡಿಸಲಾರದು. ಆದರೂ ನಮಗೆ ಡಗ್ಗಾ ಕೇಳಿಸಿದಂತೆಯೇ ಆಗುತ್ತದೆ. ಏಕೆಂದರೆ ಉಪನಾದಗಳನ್ನು ಕೇಳಿದ ಕಿವಿ, ಇಲ್ಲದ ಮೂಲನಾದವನ್ನು ತಾನೇ ಊಹಿಸಿಕೊಳ್ಳುತ್ತದೆ. ಮೈಕನ್ನು ಎಲ್ಲಿ ಇಟ್ಟರೆಂಬುದರಿಂದಲೂ ದನಿ ಬದಲಾಗುತ್ತದೆ. ವಾದ್ಯವನ್ನು ಪರೀಕ್ಷಿಸಬೇಕಾದರೆ ಎದುರಿಗೆ ಕುಳಿತೇ ಕೇಳಬೇಕು.

ಈ ವಾದದಲ್ಲಿ ನಾವು ಮರೆಯುವ ಒಬ್ಬನುಂಟು. ಅವನೇ ವಾದ್ಯ ಮಾಡುವವನು. ಕಾರ್ಯಕ್ರಮದ ಕೊನೆಗೆ ಗಾಯಕರ ಹೆಸರು, ತಬಲಾ ನುಡಿಸಿದವರ ಹೆಸರು ಹೇಳುತ್ತಾರೆ. ಪುಡಿ ಹೊದಿಸಿದವನ ಹೆಸರು ಕೇಳಿಬರುವುದಿಲ್ಲ. ಮೃದಂಗ ಮಾಡುವ ಕುಶಲಿಗಳನ್ನು ಕುರಿತು ಗಾಯಕ ಟಿ. ಎಂ. ಕೃಷ್ಣ ಅವರು ೨೦೨೦ರಲ್ಲಿ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಎಂಬ ಪುಸ್ತಕವನ್ನೇ ಬರೆದು ಈ ಮರೆವನ್ನು ಎತ್ತಿ ತೋರಿಸಿದರು. ನಮ್ಮ ನಾಡಿಗೆ ಇದು ಹೊಸ ಪಾಠವಾಗಬೇಕಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಚರ್ಮ ಹದ ಮಾಡುವ ಡೋಹರ ಕಕ್ಕಯ್ಯನೂ ಢಕ್ಕೆ ಬಾರಿಸುವ ಢಕ್ಕೆಯ ಬೊಮ್ಮಣ್ಣನೂ ತಮ್ಮ ಕಾಯಕದ ಹೆಸರಿನಿಂದಲೇ ಶರಣರ ಸಾಲಿನಲ್ಲಿ ಕುಳಿತರು. ಪ್ಲಾಸ್ಟಿಕ್ ಹಲಗೆ ಬಂದಾಗ ಹಲಗೆಯವನ ಕಷ್ಟ ಕಡಿಮೆಯಾಯಿತು; ಚರ್ಮ ಹದ ಮಾಡುವವನ ಕೆಲಸವೂ ಕಡಿಮೆಯಾಯಿತು. ಹಲಗೆ ಬಾರಿಸುವುದನ್ನು ಒಂದು ಜಾತಿಯ ಮೇಲೆ ಬಿಟ್ಟಿಯಾಗಿ ಹೇರಿದ್ದ ಊರುಗಳಲ್ಲಿ ಅದನ್ನು ಕೆಳಗಿಟ್ಟವರೂ ಇದ್ದಾರೆ. ಅದನ್ನೇ ಕಲೆಯೆಂದು ಎದೆಗೆತ್ತಿಕೊಂಡು ವೇದಿಕೆ ಹತ್ತಿದವರೂ ಇದ್ದಾರೆ. ಆದ್ದರಿಂದ ಚರ್ಮವೋ ಪ್ಲಾಸ್ಟಿಕ್ಕೋ ಎಂಬುದನ್ನು ಬಾರಿಸುವವನೇ ನಿರ್ಧರಿಸಲಿ. ಮೆರವಣಿಗೆ ನೋಡುವ ನಮಗೆ ಚರ್ಮದ ನಾದವೇ ಬೇಕೆನಿಸಿದರೆ, ಅದರ ಖರ್ಚನ್ನೂ ಮರ್ಯಾದೆಯನ್ನೂ ಕೊಡಲು ಸಿದ್ಧರಿರಬೇಕು.

ಕೊನೆಗೆ, ಕೊಳ್ಳುವವರಿಗೆ ನಾಲ್ಕು ಮಾತು. ಯಾರ ಗಾಯನಕ್ಕೆ, ಯಾವ ಶ್ರುತಿಗೆ ಎಂದು ಮೊದಲು ನಿಶ್ಚಯಿಸಿರಿ. ಕಲಿಸುವ ಗುರುಗಳನ್ನು ಜೊತೆಗೆ ಕರೆದೊಯ್ಯಿರಿ. ತಬಲಾದ ಅಂಚಿನ ಹದಿನಾರು ಮನೆಗಳಲ್ಲಿಯೂ ಬೆರಳಿನಿಂದ ನುಡಿಸಿ, ಎಲ್ಲ ಕಡೆಯೂ ಒಂದೇ ಸ್ವರ ಬರುವುದೋ ನೋಡಿರಿ. ಒಂದೆರಡು ಕಡೆ ಇಳಿದಿದ್ದರೆ ಗಜರೆಯ ಮೇಲೆ ಸುತ್ತಿಗೆಯಿಂದ ಹದವಾಗಿ ತಟ್ಟಿ ಸರಿಮಾಡಬಹುದು. ಶಾಯಿಯ ಚೂರು ಏಳುತ್ತಿದ್ದರೆ ಬಿಟ್ಟುಬಿಡಿರಿ. ಹತ್ತಿರದಲ್ಲಿ ಪುಡಿ ಬದಲಿಸಿಕೊಡುವವರು ಯಾರಿದ್ದಾರೆಂದು ವಿಚಾರಿಸಿರಿ. ಎಂತಹ ಹೆಸರಾಂತ ತಬಲಾಕ್ಕೂ ಒಂದು ದಿನ ಹೊಸ ಪುಡಿ ಬೇಕು. ಆಗ ಒಡಲಿನ ಮೇಲಿನ ಹೆಸರು ಹಾಗೆಯೇ ಇರುತ್ತದೆ, ನಾದ ಮಾತ್ರ ಹೊಸಬನ ಕೈಯದು. ಇಷ್ಟಾದ ಮೇಲೂ ದನಿ ಹೊರಡದಿದ್ದರೆ, ಕುಣಿಯಲಾರದವಳು ನೆಲ ಡೊಂಕೆಂದ ಗಾದೆಯನ್ನು ನೆನೆದು, ಇನ್ನಷ್ಟು ಸಾಧನೆ ಮಾಡುವುದೇ ಉಳಿದ ದಾರಿ.